ಪದವಿ ಒಂದು ಊರಿನದು, ಓದು ಇನ್ನೊಂದು ಊರಿನದು

ಪ್ರಶ್ನೆ: ಹೊಸನಗರ ತಾಲ್ಲೂಕಿನ ಕೃಷಿಕ ನಾನು. ಮೂರು ಎಕರೆ ಅಡಿಕೆ ತೋಟವಿದೆ. ಎಲೆಚುಕ್ಕೆ ರೋಗ ಬಂದ ಮೇಲೆ ಫಸಲು ಇಳಿದಿದೆ. ಮಗಳು ಏಳನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಹೈಸ್ಕೂಲನ್ನು ಹೊಸನಗರ ಪೇಟೆಯಲ್ಲಿ, ಎರಡನ್ನೂ ಕನ್ನಡ ಮಾಧ್ಯಮದಲ್ಲಿಯೇ ಓದಿದಳು. ಈಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಮುಂದೆ ಎಲ್ಲಿಗೆ ಅರ್ಜಿ ಹಾಕಬೇಕೆಂದು ತಿಳಿಯುತ್ತಿಲ್ಲ. ಊರಿನ ವಿಶ್ವವಿದ್ಯಾಲಯದ ಪದವಿಗೆ ಬೆಲೆಯಿಲ್ಲ, ಬೆಂಗಳೂರಿಗೇ ಕಳುಹಿಸಿ ಎಂದು ನೆಂಟರು ಹೇಳುತ್ತಾರೆ. ಕಳೆದ ವಾರ ಏಜೆಂಟರೊಬ್ಬರು ಮನೆಗೆ ಬಂದು, ಈಗಲೇ ಮುಂಗಡ ಕೊಟ್ಟರೆ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಶುಲ್ಕ ಕಡಿಮೆ ಮಾಡಿಸುತ್ತೇನೆ ಎಂದರು. ಹತ್ತು ಕಡೆ ಅರ್ಜಿ ಹಾಕಿದರೆ ಒಳ್ಳೆಯದೇ? ಎಲ್ಲವನ್ನೂ ಹೋಗಿ ನೋಡಿ ಬರಬೇಕೇ? ಅಷ್ಟು ಓಡಾಡುವ ಶಕ್ತಿ ನಮಗಿಲ್ಲ.

ಉತ್ತರ:

ನಿಮ್ಮ ಪತ್ರದ ಕೊನೆಯ ಹಾಳೆಯ ಅಂಚಿನಲ್ಲಿ ಬೇರೆ ಕೈಬರಹದ ಒಂದು ಸಾಲಿದೆ: "ನನಗೆ ಗಿಡಗಳ ರೋಗದ ಬಗ್ಗೆ ಓದಬೇಕು." ಅದನ್ನು ಮಗಳೇ ಬರೆದಿರಬೇಕು. ನಾನು ಉತ್ತರವನ್ನು ಅಲ್ಲಿಂದಲೇ ಆರಂಭಿಸುತ್ತೇನೆ. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ. ಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆಯ ನಂತರ ಕಾಲೇಜು ಆಯ್ಕೆಗಳನ್ನು ತುಂಬುವ ದಿನಗಳಲ್ಲಿ ನೂರಾರು ಮನೆಗಳವರ ಜೊತೆ ಕುಳಿತಿದ್ದೇನೆ. ಹದಿನೇಳರ ವಯಸ್ಸಿನಲ್ಲಿ ತನಗೆ ಬೇಕಾದದ್ದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು.

ನೀವು ಕೇಳಿರುವುದು ವಿಶ್ವವಿದ್ಯಾಲಯಗಳ ಹೆಸರು. ಆದರೆ ನಿಮ್ಮನ್ನು ಕಾಡುತ್ತಿರುವುದು, ಹತ್ತಿರದ್ದನ್ನು ಆರಿಸಿ ಮಗಳಿಗೆ ಅನ್ಯಾಯ ಮಾಡಿಬಿಟ್ಟೇನೇ ಎಂಬ ಭಯ. ಅದಕ್ಕೆ ಮೊದಲು ಉತ್ತರ ಹೇಳಬೇಕು.

"ಊರಿನ ವಿಶ್ವವಿದ್ಯಾಲಯ" ಎಂದು ನೆಂಟರು ಹೇಳುವಾಗ ಯಾವುದನ್ನು ಹೇಳುತ್ತಿದ್ದಾರೆ? ನಮ್ಮ ಜಿಲ್ಲೆಯಲ್ಲಿ ಕುಳಿತು ಪಡೆಯುವ ಪದವಿಗಳೆಲ್ಲ ನಮ್ಮ ಜಿಲ್ಲೆಯವಲ್ಲ. ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರ ಪ್ರಮಾಣಪತ್ರ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ ಬರುತ್ತದೆ. ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜಿನದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಇಲ್ಲಿನ ಪಶುವೈದ್ಯಕೀಯ ಕಾಲೇಜು ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದೆ. ತಿರುವುಮುರುವೂ ಉಂಟು. 2012ರಲ್ಲಿ ಶಿವಮೊಗ್ಗವನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ, ಇಂದು ಕೆಳದಿ ಶಿವಪ್ಪ ನಾಯಕರ ಹೆಸರಿರುವ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಮೂಡಿಗೆರೆಯ ತೋಟಗಾರಿಕೆ ಕಾಲೇಜೂ ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜೂ ಸೇರಿದವು. "ಶಿವಮೊಗ್ಗದಲ್ಲಿಯೇ ಸೀಟು ಸಿಕ್ಕಿತು" ಎಂದು ಸಿಹಿ ಹಂಚಿ, ಆಮೇಲೆ ಪೊನ್ನಂಪೇಟೆಗೆ ಬಸ್ಸು ಹುಡುಕಿದ ಮನೆಯನ್ನು ನಾನು ನೋಡಿದ್ದೇನೆ. ಅಲ್ಲಿ ಓದಿ ಆ ಹುಡುಗ ಚೆನ್ನಾಗಿಯೇ ಇದ್ದಾನೆ. ಆದರೆ ತಾವು ಯಾವ ಊರನ್ನು ಆರಿಸಿದ್ದೇವೆಂಬುದು ಆ ಮನೆಯವರಿಗೆ ಮೊದಲು ಗೊತ್ತಿರಲಿಲ್ಲ.

ಹಾಗಾಗಿ ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಮುಂದೆ ಮೂರು ಸಂಗತಿ ಬರೆಯಿರಿ: ಪದವಿ ಕೊಡುವವರು ಯಾರು, ಪಾಠ ನಡೆಯುವುದು ಯಾವ ಊರಿನಲ್ಲಿ, ಅವಳು ಕೂರುವ ವಿಭಾಗ ಯಾವುದು. ನೆಂಟರು ಮೊದಲನೆಯದನ್ನು ಮಾತ್ರ ಮಾತಾಡುತ್ತಾರೆ. ಮಗಳು ವರ್ಷಗಟ್ಟಲೆ ಬದುಕುವುದು ಉಳಿದೆರಡರಲ್ಲಿ.

ಕುವೆಂಪು ವಿಶ್ವವಿದ್ಯಾಲಯದ ಬಗ್ಗೆಯೂ ಇದೇ ಗೊಂದಲ. 1987ರಲ್ಲಿ ಆರಂಭವಾದ ಅದರ ಜ್ಞಾನಸಹ್ಯಾದ್ರಿ ಆವರಣ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಅಲ್ಲಿ ನಡೆಯುವುದು ಮುಖ್ಯವಾಗಿ ಸ್ನಾತಕೋತ್ತರ ಓದು. ಬಿಎಸ್ಸಿ ಸೇರುವವಳು ಶಂಕರಘಟ್ಟ ನೋಡಿ ಬಂದು ಏನನ್ನೂ ತೀರ್ಮಾನಿಸಲಾಗದು. ಅವಳು ಓದುವುದು ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಅಥವಾ ಸಾಗರ, ತೀರ್ಥಹಳ್ಳಿಯಂಥ ಊರುಗಳ ಯಾವುದಾದರೂ ಪದವಿ ಕಾಲೇಜಿನಲ್ಲಿ. ಒಂದೇ ವಿಶ್ವವಿದ್ಯಾಲಯದ ಎರಡು ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳ ನಡುವೆ ಇರುವ ಅಂತರ, ಎರಡು ವಿಶ್ವವಿದ್ಯಾಲಯಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬಹುದು.

ಈಗ ಮಗಳ ಸಾಲಿಗೆ ಬರುತ್ತೇನೆ. ಗಿಡಗಳ ರೋಗ ಎಂಬುದು ಸಸ್ಯರೋಗಶಾಸ್ತ್ರ. ನಿಮ್ಮ ತೋಟದ ಎಲೆಚುಕ್ಕೆಗೆ ಕಾರಣವಾದ ಶಿಲೀಂಧ್ರ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊನೆಗೊನೆಯನ್ನೇ ಉದುರಿಸುವ ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ, ಇವೆಲ್ಲ ಆ ಶಾಸ್ತ್ರದ ನಿತ್ಯದ ವಿಷಯಗಳು. ಆದರೆ ಅದನ್ನು ಪೂರ್ಣವಾಗಿ ಓದುವುದು ಎಂಎಸ್ಸಿ ಹಂತದಲ್ಲಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಆ ಎಂಎಸ್ಸಿಗೆ ಸಾಮಾನ್ಯವಾಗಿ ಬಿಎಸ್ಸಿ ಕೃಷಿ, ತೋಟಗಾರಿಕೆ ಮುಂತಾದ ಪದವಿಗಳನ್ನು ಕೇಳುತ್ತಾರೆ. ಸಸ್ಯಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದವರು ಅನ್ವಯಿಕ ಸಸ್ಯಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನದ ಕಡೆಯಿಂದ ಅದೇ ವಿಷಯವನ್ನು ಮುಟ್ಟಬಹುದು, ಆದರೆ ದಾರಿ ಬೇರೆ, ಮುಂದಿನ ಹುದ್ದೆಗಳೂ ಬೇರೆ. ನೀವು ತೀರ್ಮಾನಿಸಬೇಕಾದ ದೊಡ್ಡ ವಿಷಯ ಇದು. ಬೆಂಗಳೂರೋ ಶಿವಮೊಗ್ಗವೋ ಎಂಬುದು ಇದರ ಮುಂದೆ ಸಣ್ಣದು.

ನನ್ನ ಅಭಿಪ್ರಾಯದಲ್ಲಿ ಅವಳ ಮೊದಲ ಗುರಿ ಸಿಇಟಿ ಮೂಲಕ ಬಿಎಸ್ಸಿ ಆನರ್ಸ್ ಕೃಷಿ, ಅದರ ಹಿಂದೆಯೇ ತೋಟಗಾರಿಕೆ. ನಾಲ್ಕು ವರ್ಷದ ಓದು. ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವ ಅವಧಿಯಿರುತ್ತದೆ. ನಿಮ್ಮ ಸುತ್ತಿನ ಊರುಗಳಿಗೆ ಅಂಥ ವಿದ್ಯಾರ್ಥಿಗಳು ಬಂದಿದ್ದರೆ ಮಗಳು ಅವರನ್ನು ಮಾತಾಡಿಸಲಿ. ರಾಜ್ಯದಲ್ಲಿ ಇದಕ್ಕೆ ಶಿವಮೊಗ್ಗ ಒಂದೇ ಅಲ್ಲ, 1964ರಿಂದ ಇರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ, ಧಾರವಾಡ, ರಾಯಚೂರು, ತೋಟಗಾರಿಕೆಗೆ ಬಾಗಲಕೋಟೆ ಎಲ್ಲವೂ ಇವೆ. ಇವೆಲ್ಲಕ್ಕೂ ಸೇರಿ ಸಿಇಟಿಯ ಅರ್ಜಿ ಒಂದೇ. "ಹತ್ತು ಕಡೆ ಅರ್ಜಿ" ಎಂಬ ಮಾತು ಇಲ್ಲಿ ಅನ್ವಯಿಸುವುದೇ ಇಲ್ಲ.

ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ತಹಶೀಲ್ದಾರರ ಪ್ರಮಾಣಪತ್ರ ಬೇಕು, ಜೊತೆಗೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಮಲೆನಾಡಿನ ಮಕ್ಕಳು ಈ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡು ಅಂಕ ಕಳೆದುಕೊಳ್ಳುವುದನ್ನು ಪ್ರತಿ ವರ್ಷ ಕಾಣುತ್ತೇನೆ. ಅಡಿಕೆ, ಕಾಳುಮೆಣಸು, ಏಲಕ್ಕಿ, ಭತ್ತ ಅವರಿಗೆ ಕಣ್ಣುಮುಚ್ಚಿ ಗೊತ್ತು. ಮುಂದೆ ಸಜ್ಜೆ, ನವಣೆ, ಕುಸುಬೆ, ಹರಳಿನ ಬೀಜಗಳನ್ನು ಇಟ್ಟರೆ ತಡವರಿಸುತ್ತಾರೆ. ಬಯಲುಸೀಮೆಯ ಬೆಳೆಗಳನ್ನು ಅವರು ನೋಡಿಯೇ ಇರುವುದಿಲ್ಲ. ಶಿವಮೊಗ್ಗದ ಬೀಜದ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕಳೆದು, ಪ್ರತಿಯೊಂದು ಬೀಜವನ್ನೂ ಒಂದು ಹಿಡಿ ತಂದು, ಸಣ್ಣ ಡಬ್ಬಿಗಳಲ್ಲಿ ಹೆಸರು ಅಂಟಿಸಿಡಿ. ರಸಗೊಬ್ಬರಗಳನ್ನು, ಉಳುಮೆಯ ಉಪಕರಣಗಳನ್ನು ಗುರುತಿಸುವ ಅಭ್ಯಾಸವೂ ಬೇಕು.

ಇನ್ನೊಂದು ವಿಷಯವನ್ನು ಈಗಲೇ ನೋಡಿಕೊಳ್ಳಿ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ನಿಮ್ಮ ಮಗಳು ಹೈಸ್ಕೂಲು ಓದಿದ್ದು ಹೊಸನಗರ ಪೇಟೆಯಲ್ಲಿ. ಅದು ಪಟ್ಟಣ ಪಂಚಾಯಿತಿ. ನಾವೆಲ್ಲ ಅದನ್ನು ಹಳ್ಳಿಯಂತೆಯೇ ಕಂಡರೂ ನಿಯಮದ ಲೆಕ್ಕದಲ್ಲಿ ಪಟ್ಟಣ ಪಂಚಾಯಿತಿಯ ವ್ಯಾಪ್ತಿ ಗ್ರಾಮೀಣ ಪ್ರದೇಶವಲ್ಲ. ಶಾಲೆ ನಿಖರವಾಗಿ ಯಾವ ವ್ಯಾಪ್ತಿಗೆ ಬರುತ್ತದೆಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ, ಆಮೇಲೆಯೇ ಅರ್ಜಿಯಲ್ಲಿ ನಮೂದಿಸಿ. ತಪ್ಪಾಗಿ ಕೇಳಿಕೊಂಡ ಮೀಸಲಾತಿ ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋದಾಗ ಮಕ್ಕಳು ಕುಸಿದುಹೋಗುತ್ತಾರೆ. ಕನ್ನಡ ಮಾಧ್ಯಮದ ಮೀಸಲಾತಿ ಮಾತ್ರ ಅವಳದು, ಅದನ್ನು ಬಿಡಬೇಡಿ. ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರವನ್ನು ಎರಡೂ ಶಾಲೆಗಳಿಂದ ಪಡೆದಿಟ್ಟುಕೊಳ್ಳಿ.

ಆಯ್ಕೆ ತುಂಬುವಾಗ ಎಲ್ಲ ಮನೆಗಳಲ್ಲಿಯೂ ಒಂದು ತಪ್ಪು ನಂಬಿಕೆಯಿದೆ: "ಸಿಗದ ಕಾಲೇಜನ್ನು ಮೊದಲು ಬರೆದರೆ ಸಿಗುವುದೂ ತಪ್ಪಿಹೋಗುತ್ತದೆ." ಇದು ನಿಜವಲ್ಲ. ಸೀಟು ಹಂಚುವುದು ರ್‍ಯಾಂಕಿನ ಸರದಿಯಲ್ಲಿ. ನಿಮ್ಮ ಮಗಳ ಸರದಿ ಬಂದಾಗ ಗಣಕಯಂತ್ರ ಅವಳ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಅವಳ ವರ್ಗಕ್ಕೆ ಉಳಿದಿರುವ ಸೀಟು ಮೊದಲು ಎಲ್ಲಿ ಸಿಕ್ಕಿತೋ ಅದನ್ನು ಕೊಡುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ, ಅದಕ್ಕೆ ದಂಡವಿಲ್ಲ. ಆದ್ದರಿಂದ ನಿಜವಾಗಿ ಬೇಕಾದ ಕ್ರಮದಲ್ಲಿಯೇ ಬರೆಯಿರಿ, ಉದ್ದವಾಗಿ ಬರೆಯಿರಿ. ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜಿನ ಸೀಟು ಯಾವ ರ್‍ಯಾಂಕಿಗೆ ಮುಗಿದಿತ್ತೆಂಬ ಪಟ್ಟಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿರುತ್ತದೆ. ಕೃಷಿಯ ರ್‍ಯಾಂಕ್ ಬೇರೆ, ಎಂಜಿನಿಯರಿಂಗ್ ರ್‍ಯಾಂಕ್ ಬೇರೆ ಎಂಬುದನ್ನು ನೆನಪಿಟ್ಟು ಹೋಲಿಸಿ.

ಎಡವುವುದು ಆಮೇಲೆ. ಸೀಟು ಸಿಕ್ಕ ಮೇಲೆ ನಾಲ್ಕು ಆಯ್ಕೆ ಕೊಡುತ್ತಾರೆ. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಕೈಯಲ್ಲಿ ಹಿಡಿದು ಇನ್ನೂ ಮೇಲಿನದಕ್ಕೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಬರುವುದು. ಎರಡನೆಯದನ್ನು ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಬಂದರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ. ಆದ್ದರಿಂದ ಆ ಸುತ್ತಿಗೆ ಮುನ್ನ ಪಟ್ಟಿಯನ್ನು ಮತ್ತೆ ಓದಿ, ಕೈಯಲ್ಲಿರುವುದಕ್ಕಿಂತ ಹೆಚ್ಚು ಬೇಕೆನಿಸದ ಹೆಸರುಗಳನ್ನು ಅಳಿಸಿಬಿಡಿ. ಮೂರನೆಯದನ್ನು, ಮನೆಯಲ್ಲಿ ಇನ್ನೊಂದು ವ್ಯವಸ್ಥೆ ಇಲ್ಲದಿದ್ದರೆ, ದಯವಿಟ್ಟು ಮುಟ್ಟಬೇಡಿ.

ಸಿಇಟಿ ಕೈಕೊಟ್ಟರೆ ಏನು? ರಾಜ್ಯದ ಹೊರಗಿನ ಕೃಷಿ ವಿಶ್ವವಿದ್ಯಾಲಯಗಳ ಅಖಿಲ ಭಾರತ ಸೀಟುಗಳಿಗೆ 2023ರಿಂದ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ ನಡೆಯುತ್ತಿದೆ. ಅದಕ್ಕೊಂದು ಅರ್ಜಿ ಹಾಕುವುದು ತಪ್ಪಲ್ಲ. ವಿಜ್ಞಾನದ ಸಂಶೋಧನೆಯತ್ತಲೇ ಒಲವಿದ್ದರೆ ಪುಣೆ, ತಿರುಪತಿ, ತಿರುವನಂತಪುರ ಮೊದಲಾದ ಕಡೆ ಇರುವ ಐಸರ್‌ ಎಂಬ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಪ್ರತ್ಯೇಕ ಅರ್ಹತಾ ಪರೀಕ್ಷೆಯಿದೆ. ಬಹಳ ಒಳ್ಳೆಯ ಸಂಸ್ಥೆಗಳು. ಆದರೆ ಅಲ್ಲಿ ಮೊದಲ ವರ್ಷಗಳಲ್ಲಿ ಭೌತಶಾಸ್ತ್ರ, ಗಣಿತಗಳ ಒತ್ತಡ ತೀವ್ರ, ಪಾಠವೆಲ್ಲ ಇಂಗ್ಲಿಷಿನಲ್ಲಿ. ಗಣಿತ ಅವಳಿಗೆ ಇಷ್ಟವೇ ಎಂದು ಕೇಳಿ, ನೀವು ಊಹಿಸಬೇಡಿ.

ಇನ್ನು ಹತ್ತಿರದ ಬಿಎಸ್ಸಿ. ಇದನ್ನು ಸೋತವರ ದಾರಿಯೆಂದು ನೋಡುವುದು ನನಗೆ ನೋವು ತರುತ್ತದೆ. ನನ್ನ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಇಬ್ಬರು ಈ ದಾರಿಯಲ್ಲಿ ಹೋಗಿ ಸಂಶೋಧನೆ ಮಾಡುತ್ತಿದ್ದಾರೆ. ಖರ್ಚು ಕಡಿಮೆ, ಮನೆ ಹತ್ತಿರ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು 2024ರಲ್ಲಿ ರಾಜ್ಯ ಕೈಬಿಟ್ಟಿದ್ದರಿಂದ ಈಗ ಮತ್ತೆ ಮೂರು ವರ್ಷದ ಪದವಿ. ಅಪಾಯಗಳೂ ಇವೆ. ಅನೇಕ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆಯುತ್ತಿವೆ. ಅವರಲ್ಲಿ ಮನಸ್ಸಿಟ್ಟು ಕಲಿಸುವವರು ಬಹಳ ಮಂದಿ. ಆದರೆ ಅವರ ನೇಮಕ ತಡವಾದ ವರ್ಷ ವಿಭಾಗವೇ ಬಡವಾಗುತ್ತದೆ. ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದು ಕೇಳಲು ಹಿಂಜರಿಯಬೇಡಿ.

ಏಜೆಂಟರ ಮಾತಿಗೆ ಬರೋಣ. ಅಡಿಕೆ ಮಾರಿದ ಹಣ ಮನೆಗೆ ಬರುವ ಹೊತ್ತಿಗೇ ಅವರೂ ಬರುತ್ತಾರೆ, ಗಮನಿಸಿದ್ದೀರಾ? ಫಲಿತಾಂಶಕ್ಕೆ ಇನ್ನೂ ತಿಂಗಳುಗಳಿರುವಾಗ ಮುಂಗಡ ಕೇಳುವುದು ಏಕೆಂದರೆ, ಸಿಇಟಿ ರ್‍ಯಾಂಕ್ ಬಂದ ಮೇಲೆ ನೀವು ಅವರನ್ನು ಕೇಳದೆಯೂ ಇರಬಹುದು. ಸಾಗರದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಹೀಗೆಯೇ ಒಂದು ಸಂಸ್ಥೆಗೆ ಮುಂಗಡ ಕೊಟ್ಟು, ಮೂಲ ಅಂಕಪಟ್ಟಿಯನ್ನೂ ಒಪ್ಪಿಸಿದ್ದರು. ಜೂನಿನಲ್ಲಿ ಅವಳಿಗೆ ಸರ್ಕಾರಿ ಸೀಟು ಸಿಕ್ಕಿತು. ಅಂಕಪಟ್ಟಿ ವಾಪಸು ಪಡೆಯಲು ಅವರು ಐದು ಸಲ ಬೆಂಗಳೂರಿಗೆ ಹೋದರು. ಹಣ ಬರಲೇ ಇಲ್ಲ. ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲ, ಬಿಟ್ಟುಹೋದವರಿಗೆ ದಿನಾಂಕದ ಲೆಕ್ಕದಲ್ಲಿ ಶುಲ್ಕ ಮರಳಿಸಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ಆದರೆ ಏಜೆಂಟರ ಕೈಗೆ ರಸೀದಿಯಿಲ್ಲದೆ ಕೊಟ್ಟ ಹಣಕ್ಕೆ ಯಾವ ಅಧಿಸೂಚನೆಯೂ ನೆರವಾಗದು.

ಖಾಸಗಿ ವಿಶ್ವವಿದ್ಯಾಲಯಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಕೆಲವು ಚೆನ್ನಾಗಿವೆ. ಅಲ್ಲಿ ಕೃಷಿ ಪದವಿ ಕೊಡುತ್ತೇವೆಂದರೆ ಒಂದೇ ಪ್ರಶ್ನೆ ಕೇಳಿ: ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮಾನ್ಯತೆ ಇದೆಯೇ? ಎಂಎಸ್ಸಿಯ ಬಾಗಿಲಲ್ಲಿ ಈ ಪ್ರಶ್ನೆ ಮಗಳ ಎದುರು ಬಂದು ನಿಲ್ಲುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಶ್ರೇಣಿ ತೋರಿಸಿದರೆ ಅದು ಯಾವ ವರ್ಷದ್ದು ಎಂದು ನೋಡಿ. ಅದು ಇಡೀ ಸಂಸ್ಥೆಗೆ ಕೊಟ್ಟ ಶ್ರೇಣಿ, ನಿಮ್ಮ ಮಗಳ ವಿಭಾಗಕ್ಕೆ ಕೊಟ್ಟದ್ದಲ್ಲ. ಅತಿ ಹೆಚ್ಚು ಸಂಬಳ ಪಡೆದ ಒಬ್ಬನ ಭಾವಚಿತ್ರ ತೋರಿಸಿದರೆ, ನಡುವಿನ ವಿದ್ಯಾರ್ಥಿಗೆ ಏನು ಸಿಕ್ಕಿತು ಎಂದು ಕೇಳಿ. ಮೂರು ಎಕರೆಯ ಫಸಲು ಇಳಿದಿರುವಾಗ ನಾಲ್ಕು ವರ್ಷದ ಖಾಸಗಿ ಶುಲ್ಕವನ್ನು ಸಾಲದ ಮೇಲೆ ಹೊರುವುದನ್ನು ನಾನು ಸಲಹೆ ಮಾಡಲಾರೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನ ಯೋಜನೆಗಳು, ಸರ್ಕಾರಿ ಹಾಸ್ಟೆಲು, ಇವುಗಳ ಲೆಕ್ಕ ಮೊದಲು ಹಾಕಿ.

ಕೊನೆಗೆ ಓಡಾಟದ ಪ್ರಶ್ನೆ. ಎಲ್ಲವನ್ನೂ ನೋಡಬೇಕಾಗಿಲ್ಲ. ಈಗ ಎರಡು ಕಡೆ ಸಾಕು. ಧಾರವಾಡ, ಬೆಂಗಳೂರು, ಮೂಡಿಗೆರೆಗಳ ಮಾತು ರ್‍ಯಾಂಕ್ ಬಂದ ಮೇಲೆ, ಅದೂ ಸೀಟು ಸಿಗುವ ಸಾಧ್ಯತೆ ಇದ್ದರೆ.

ಮೊದಲನೆಯದು ಇರುವಕ್ಕಿ. ಕೃಷಿ ವಿಶ್ವವಿದ್ಯಾಲಯದ ಮುಖ್ಯ ಆವರಣ ಸಾಗರ ತಾಲ್ಲೂಕಿನಲ್ಲಿ, ಆನಂದಪುರದ ಬಳಿ ಇದೆ. ನಿಮ್ಮ ಕಡೆಯಿಂದ ದೂರವಲ್ಲ. ಶಿವಮೊಗ್ಗದ ನವಿಲೆಯಲ್ಲಿಯೂ ಅದರ ಆವರಣವಿದೆ. ಯಾವ ಪದವಿಯ ಯಾವ ವರ್ಷದ ತರಗತಿ ಎಲ್ಲಿ ನಡೆಯುತ್ತದೆ ಎಂದು ಕಚೇರಿಯಲ್ಲಿ ಕೇಳಿ ಹೊರಡಿ. ಎರಡನೆಯದು ಸಹ್ಯಾದ್ರಿ ವಿಜ್ಞಾನ ಕಾಲೇಜು, ಮಗಳ ಹಾಸ್ಟೆಲಿರುವ ಊರಿನಲ್ಲಿಯೇ ಇದೆ.

ಕೃಷಿ ಮೇಳದ ದಿನ ಹೋಗಬೇಡಿ. ಆ ದಿನ ವಿಜ್ಞಾನಿಗಳನ್ನು ಮಾತಾಡಿಸಬಹುದು, ಆದರೆ ಕಾಲೇಜು ಹೇಗಿದೆಯೆಂದು ಗೊತ್ತಾಗದು. ತರಗತಿ ನಡೆಯುವ ಸಾಮಾನ್ಯ ದಿನ ಹೋಗಿ. ಒಮ್ಮೆ ಮಕ್ಕಳನ್ನು ಒಂದು ದೊಡ್ಡ ಸಂಸ್ಥೆಗೆ ಕರೆದುಕೊಂಡು ಹೋಗಿದ್ದೆ. ಕಾರಂಜಿ, ಗಾಜಿನ ಸಭಾಂಗಣ ಎಲ್ಲ ತೋರಿಸಿದರು. ಜೀವಶಾಸ್ತ್ರದ ಪ್ರಯೋಗಾಲಯಕ್ಕೆ ಹೋದರೆ ಸೂಕ್ಷ್ಮದರ್ಶಕಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ತೆಗೆದೇ ಇರಲಿಲ್ಲ. ಅಂದಿನಿಂದ ನಾನು ಯಾವ ಕಾಲೇಜಿಗೆ ಹೋದರೂ ಮೊದಲು ಪ್ರಯೋಗಾಲಯದ ಸಿಂಕ್ ನೋಡುತ್ತೇನೆ, ಒದ್ದೆಯಾಗಿದ್ದರೆ ಕೆಲಸ ನಡೆಯುತ್ತಿದೆ. ಸೂಚನಾ ಫಲಕ ಓದಿ, ಕಳೆದ ಪರೀಕ್ಷೆಯ ಫಲಿತಾಂಶ ಯಾವಾಗ ಬಂತು ಎಂದು ತಿಳಿಯುತ್ತದೆ. ಸಂಜೆ ನಾಲ್ಕಕ್ಕೆ ಗ್ರಂಥಾಲಯದಲ್ಲಿ ಎಷ್ಟು ಮಂದಿ ಕುಳಿತಿದ್ದಾರೆ ನೋಡಿ. ಹಾಸ್ಟೆಲಿನ ಶೌಚಾಲಯ ನೋಡಲು ಮಗಳನ್ನು ಕಳುಹಿಸಿ, ಕೊನೆಯ ಬಸ್ಸಿನ ಹೊತ್ತನ್ನು ನೀವು ವಿಚಾರಿಸಿ. ಮಲೆನಾಡಿನ ಜುಲೈಯಲ್ಲಿ ಕರೆಂಟು ಹೋದಾಗ ಓದಲು ಏನು ವ್ಯವಸ್ಥೆ ಎಂಬುದನ್ನು ಅಲ್ಲಿನ ಹುಡುಗಿಯರಲ್ಲಿ ಕೇಳಬೇಕು. ಮೊದಲ ವರ್ಷದವರನ್ನು ಕೇಳಿದರೆ ಉತ್ಸಾಹದ ಉತ್ತರ ಬರುತ್ತದೆ. ಮೂರನೆಯ ವರ್ಷದವರನ್ನು ಕೇಳಿ. ಅವರು ಮಾತಾಡುವಾಗ ನೀವು ಸ್ವಲ್ಪ ದೂರ ನಿಂತಿರಿ, ಅಪ್ಪನ ಎದುರು ಯಾರೂ ಎಲ್ಲವನ್ನೂ ಹೇಳುವುದಿಲ್ಲ.

ಇರುವಕ್ಕಿಗೆ ಹೊರಡುವ ದಿನ ಬೆಳಿಗ್ಗೆ ತೋಟದಿಂದ ಎಲೆಚುಕ್ಕೆ ಬಂದ ಒಂದು ಸೋಗೆಯ ತುಂಡನ್ನು ಮಗಳೇ ಕತ್ತರಿಸಿಕೊಳ್ಳಲಿ. ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಂಡು ಸಸ್ಯರೋಗಶಾಸ್ತ್ರ ವಿಭಾಗ ಎಲ್ಲಿದೆಯೆಂದು ವಿಚಾರಿಸಿ ಹೋಗಲಿ. ಇದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುವಿರಾ ಎಂದು ಅವಳೇ ಕೇಳಲಿ, ನೀವಲ್ಲ. ಅಲ್ಲಿ ಏನು ಹೇಳಿದರು, ಹೊರಗೆ ಬಂದ ಮೇಲೆ ಅವಳು ಏನು ಹೇಳಿದಳು ಎರಡನ್ನೂ ನನಗೆ ಬರೆಯಿರಿ. ಆಯ್ಕೆಗಳ ಕ್ರಮವನ್ನು ಆಮೇಲೆ ಕುಳಿತು ಬರೆಯೋಣ.